ಎಳ್ಳಿನಷ್ಟು ಬಿಳಿ

ವಿನೆಗರ್ ವಾಸನೆ, ಇಲ್ಲೂ ಅದೇ, ಬೆಳಗ್ಗೆ ಅಂಗಡಿಯಲ್ಲಿ ಟರ್ನಿಪ್ ಜಾಡಿಗೆ ಸುರಿದು ಬಂದದ್ದು ಬೆರಳಿಗೆ ಅಂಟಿರಬೇಕೆಂದು ಮೂಸಿದೆ, ಅಲ್ಲ, ಡಾಕ್ಟರ್ ರಗಾ ಅವರ ಬಟ್ಟಲಿನದು — ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಅಪ್ಪಟ ನಿಜ, ದಮನ್‌ಹೂರ್ ಪಟ್ಟಣಕ್ಕೆಲ್ಲ ಉಪ್ಪಿನಕಾಯಿ ತಿನ್ನಿಸುವ ಈ ನವಾರಾ ಕಾಲೆರಡನ್ನೂ ಮೇಲೆತ್ತಿಕೊಂಡು ತಾನೇ ವಿನೆಗರಿನಲ್ಲಿ ನೆನೆಯುತ್ತಿದ್ದಾಳೆ. ತಣ್ಣಗಾಗುತ್ತೆ, ಸ್ವಲ್ಪ ಚುರುಗುಟ್ಟುತ್ತೆ, ಉಸಿರು ಬಿಡಿ ತಾಯಿ, ಎಂದು ಡಾಕ್ಟರು ಮೂಗಿನಲ್ಲೇ ಹೇಳುತ್ತಾರೆ, ಆ ಮೂಗುದನಿ ನನ್ನ ಬಾಯಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆಂದು ಅವರಿಗೇನು ಗೊತ್ತು, ಆ ಟೀವಿ ಪರದೆ ಈ ಕಡೆ ತಿರುಗಿಸಿ ಡಾಕ್ಟ್ರೇ, ನನ್ನ ಒಳಗಿನದನ್ನು ನಾನೂ ನೋಡಬೇಡವೇ, ತಿರುಗಿಸಿದರು, ಗರ್ಭಕೋಶದ ಬಾಯಂತೆ, ಗುಲಾಬಿ, ಒದ್ದೆ, ಹೊಳಪು. ನಮ್ಮ ಜಾಡಿಯಲ್ಲಿ ಬೀಟ್‌ರೂಟಿನ ಸಹವಾಸಕ್ಕೆ ಬಿಳಿ ಟರ್ನಿಪ್ ಗುಲಾಬಿಯಾಗುತ್ತದೆ, ಇಲ್ಲಿ ವಿನೆಗರ್ ತಾಗಿ ಗುಲಾಬಿಯೇ ಬಿಳಿಯಾಗಬಹುದು, ಕೆಟ್ಟಿರುವ ಕಡೆ ಮಾತ್ರ, ಎಂಥ ತಲೆಕೆಳಗಾದ ಉಪ್ಪಿನಕಾಯಿ! ಚಳಿಗಾಲದಲ್ಲಿ ಪರೀಕ್ಷೆಯ ಫಲಿತಾಂಶ ಸರಿಯಿಲ್ಲವೆಂದು ಬಂದು ಇದೇ ಮಂಚ ಹತ್ತಿದಾಗ ಅವರೆಯಂಥ ಫೂಲ್ ಕಾಳಿನಷ್ಟು ದಪ್ಪ ಬಿಳಿ ಎದ್ದಿತ್ತು, ಚೂರು ಚಿವುಟಿ ಲ್ಯಾಬಿಗೆ ಕಳಿಸಿದರು, ಇದು ಆ ಕಾಯಿಲೆಯಲ್ಲ, ಬಿಟ್ಟರೆ ಮುಂದೆ ಆಗಬಹುದು ಎಂದರು, ತೆಗೆದರು, ಆರು ತಿಂಗಳಾದ ಮೇಲೆ ಬನ್ನಿ, ತಪ್ಪಿಸಬೇಡಿ. ಆವತ್ತಿನಿಂದ ಇನ್‌ಶಿರಾಹ್ — ಗಂಡನ ತಂಗಿ, ಅಂಗಡಿಯಲ್ಲಿ ಅರ್ಧ ಪಾಲು, ಬೀದಿಯ ನಗುವಿನಲ್ಲಿ ಮುಕ್ಕಾಲು ಪಾಲು — ನಗುವುದನ್ನೇ ಬಿಟ್ಟಳು, ಆ ಕಾಯಿಲೆಗೆ ಬರೀ ‘ಅದು’ ಅನ್ನುತ್ತಾಳೆ, ಹೆಸರೆತ್ತಿದರೆ ವಿಳಾಸ ಕೇಳಿಕೊಂಡು ಮನೆಗೇ ಬರುತ್ತದಂತೆ, ಕತ್ತುಪಟ್ಟಿಯೊಳಗೆ ಥೂ ಥೂ ಎಂದು ಉಗಿದುಕೊಳ್ಳುತ್ತಾಳೆ, ನನ್ನನ್ನು ಬಿರುಕುಬಿಟ್ಟ ಗಾಜಿನ ಜಾಡಿಯ ಹಾಗೆ ಎರಡೂ ಕೈಯಲ್ಲಿ ಹಿಡಿದು ನಡೆಸುತ್ತಾಳೆ, ಆ ಮೋರೆ ನೋಡಲಾರದೆ ನಿನ್ನೆ ಪಕ್ಕದ ಮನೆಯ ಫೋನಿನಿಂದ ಮೂಗು ಹಿಡಿದು ಅವಳಿಗೆ ಹೇಳಿದೆ, ನಾನಮ್ಮಾ, ಡಾಕ್ಟರ್ ರಗಾ, ಆಸ್ಪತ್ರೆ ವಿನೆಗರ್ ಬರೀ ನೀರು, ನಾಳೆ ನಿಮ್ಮ ಅಂಗಡಿಯದ್ದು ತನ್ನಿ. ತಂದಳು, ಪುಣ್ಯಾತ್ಗಿತ್ತಿ! ಡಾಕ್ಟ್ರೇ, ಖರ್ಜೂರದ್ದು, ಎರಡು ವರ್ಷದ್ದು, ಒಂದು ಹನಿ ನೀರು ಬೆರೆಸಿದ್ರೆ ನನ್ನ ಕಣ್ಣು ಹೋಗ್ಲಿ, ನೀವೇ ಕೇಳಿದ್ರಲ್ಲ — ನಾನಾ? — ಡಾಕ್ಟರು ಬಾಟಲಿ ನೋಡಿದರು, ಅವಳು ನನ್ನ ನೋಡಿದಳು, ನಾನು ಚಾವಣಿ ನೋಡಿದೆ. ಪರದೆಬಟ್ಟೆಯ ಆಚೆ ಹೋಗಿ ಕೂತಳು, ನಗಲಿಲ್ಲ, ನಗುತ್ತಾಳೆಂದುಕೊಂಡಿದ್ದೆ. ಈಗ ಕಾಯಬೇಕು, ಒಂದು ನಿಮಿಷವಂತೆ, ಟರ್ನಿಪ್ಪಿಗಾದರೆ ಒಂದು ವಾರ, ಬಂತೇ, ಇಲ್ಲ, ಅದು ಬರೀ ಹೊಳಪು, ಎಡಕ್ಕೆ, ಅಲ್ಲೇನೋ ಮಸುಕು, ಬಿಳಿಯೇ, ಉಸಿರು ಬಿಡಿ ಎಂದರೆ ಎಲ್ಲಿಗೆ ಬಿಡುವುದು, ಎಷ್ಟು ದೊಡ್ಡದಾಗುತ್ತದೆ, ನಿಲ್ಲುತ್ತದೆಯೇ — ತಾಯಿ, ನಮ್ಮ ವಿನೆಗರ್ ಮುಗಿದಿತ್ತು, ನಿಮ್ಮ ಅಂಗಡಿಯದ್ದೇ ಹಚ್ಚಿದೀನಿ, ಹಸಿಮೆಣಸಿನಕಾಯಿ ಜಾಡಿಯದ್ದು! — ಅಯ್ಯಯ್ಯೋ ಉರಿ, ಉರಿ, ತೊಳೀರಿ ಡಾಕ್ಟ್ರೇ! ಆದರೆ ಡಾಕ್ಟರ ಬಾಯಿ ಮುಚ್ಚಿಯೇ ಇದೆ, ಆ ಮೂಗುದನಿ ಪರದೆಬಟ್ಟೆಯ ಆಚೆಯದು, ಹಿಂದೆಯೇ ಮೂಗು ಬಿಟ್ಟ ಅವಳದೇ ದನಿ, ಡಾಕ್ಟ್ರ ದನಿ ನಿನಗೊಬ್ಬಳಿಗೇನೇ ಬರೋದು, ಕಳ್ಳಿ? ಆಮೇಲೆ ನಗು, ಆರು ತಿಂಗಳು ಬಿಗಿದಿಟ್ಟ ಮುಚ್ಚಳ ಹಾರಿದಂತೆ, ಡಾಕ್ಟರೂ ನಗುತ್ತಿದ್ದಾರೆ, ಎಲ್ಲರಿಗಿಂತ ಜೋರಾಗಿ ನಾನು, ಮಂಚವೇ ಕಿರುಗುಟ್ಟುತ್ತಿದೆ, ಅಲ್ಲಾಡಬೇಡಿ ತಾಯಿ, ಎಳ್ಳಿನಷ್ಟಿದೆ, ಅಷ್ಟೇ, ಚಿವುಟಿ ಕಳಿಸ್ತೀನಿ, ಅಲ್ಲಾಡಬೇಡಿ, ಹೇಗೆ ಅಲ್ಲಾಡದಿರಲಿ, ನಾನು ನಕ್ಕಾಗಲೆಲ್ಲ ಅದೂ ನಗುತ್ತಿದೆ ಪರದೆಯಲ್ಲಿ, ಗುಲಾಬಿಯ ಮೇಲೆ, ಎಳ್ಳಿನಷ್ಟು, ಕುಲುಕುಲು, ಬಿಳಿ —