ಪೂಜೆ ಮಾಡಿಸಿಕೊಂಡ ಕ್ರ್ಯಾಂಕ್‌ಶಾಫ್ಟ್

ನಾನು ಒಂದು ಪ್ಲಾಸ್ಟಿಕ್ ಕಡ್ಡಿ. ಬೆರಳುದ್ದ, ಬೂದು ಬಣ್ಣ. ಬಿಸಿ ಅಚ್ಚಿನಿಂದ ಬಿದ್ದಾಗ ನನ್ನಂಥವೇ ರಾಶಿ ರಾಶಿ ಬಿದ್ದವು. ಅಣ್ಣ ಯಾರು, ತಮ್ಮ ಯಾರು, ದೇವರೇ ಬಲ್ಲ. ಆಟದ ಇಟ್ಟಿಗೆಗಳ ಡಬ್ಬಿ ಸೇರಿ, ಯಾರದೋ ಶ್ರೀಮಂತರ ಮಗುವಿಗೆ ಬೇಸರವಾದ ಮೇಲೆ ಗದಗಿನ ಒಂದು ಲೇತ್ ಅಂಗಡಿಗೆ ಬಂದೆ. ಅಂಗಡಿಯವರ ಮಗಳು ಮಹಾನಂದಾ ಡಬ್ಬಿಯನ್ನು ತನ್ನದಾಗಿಸಿಕೊಂಡಳು.

ಆ ಇಟ್ಟಿಗೆಗಳಲ್ಲೇ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಮಾಡುವ ಹುಚ್ಚು ಅವಳಿಗೆ. ಹಿಡಿಕೆ ತಿರುವಿದರೆ ಪಿಸ್ಟನ್ ಮೇಲೆ ಕೆಳಗೆ ಓಡಬೇಕು. ಮೊದಲು ನನ್ನ ತುದಿಗೆ ಪಿಸ್ಟನ್ ತಳ್ಳುವ ತೋಳು ಸಿಕ್ಕಿಸಿ, ಒಂದೇ ಗೋಡೆಯ ಆಸರೆ ಕೊಟ್ಟಳು. ನಾನು ಬಾಗಿದೆ, ಪಿಸ್ಟನ್ ತಿಣುಕಿ ನಿಂತಿತು. ಅವಳು ಬೈಯಲಿಲ್ಲ. ಆಚೆ ಬದಿಗೂ ಗೋಡೆ ಕಟ್ಟಿ, ಜೊತೆಗೊಂದು ಕಡ್ಡಿ ಕೊಟ್ಟು, ತೋಳಿನ ಎದುರಿಗೆ ದಪ್ಪ ಇಟ್ಟಿಗೆ ಕೂಡಿಸಿ ತೂಕ ಸರಿದೂಗಿಸಿದಳು. ಆಹಾ, ಆಮೇಲೆ ತಿರುಗಿದ್ದೇ ತಿರುಗಿದ್ದು! ದಸರೆಯ ವಸ್ತುಪ್ರದರ್ಶನದಲ್ಲಿ ಗೆದ್ದವರಿಗೆ ಧಾರವಾಡದ ಶಿಬಿರದಲ್ಲಿ ನಿಜವಾದ ಎಂಜಿನ್ ಬಿಚ್ಚಲು ಕೊಡುತ್ತಾರಂತೆ. ಅವಳಿಗೆ ಬೇಕಾಗಿದ್ದು ಅದೊಂದೇ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಅವಳ ಅಜ್ಜಿ ಸಾವಂತ್ರೆವ್ವ ನಮ್ಮನ್ನೂ ಪಾನಾ, ಸುತ್ತಿಗೆಗಳ ಸಾಲಿನಲ್ಲಿಟ್ಟಳು. "ನಮ್ಮ ಕೂಸು ಮಾಡಿದ್ದೂ ಎಂಜಿನ್ನಽ ಅಲ್ಲೇನು? ಇದಕ್ಕೂ ಆಗ್ಲಿ ಪೂಜಿ" ಎಂದು, ಕಲೆಸಿದ ಅರಿಶಿನವನ್ನು ನನ್ನ ಮೈಗೂ ನಾನು ತಿರುಗುವ ಗೋಡೆಯ ತೂತಿಗೂ ಧಾರಾಳವಾಗಿ ಮೆತ್ತಿದಳು. ಅದುವರೆಗೆ ಆಟಿಕೆ ಎನ್ನಿಸಿಕೊಂಡಿದ್ದ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಪೂಜೆಗಿಟ್ಟದ್ದನ್ನು ಆ ದಿನ ಯಾರೂ ತಿರುಗಿಸುವಂತಿಲ್ಲ. ಅರಿಶಿನ ಒಣಗಿ ನನ್ನ ಸುತ್ತ ಬಿಗಿಯುತ್ತಿದ್ದುದು ನನಗೆ ತಿಳಿಯಿತು. ಬಾಯಿಲ್ಲದ ನಾನು ಏನು ಹೇಳಲಿ? ಬಾಯಿದ್ದರೂ ಹೇಳುತ್ತಿರಲಿಲ್ಲವೇನೋ. ಅಷ್ಟು ಹಿಗ್ಗಿದ್ದೆ, ಪಾಪಿ.

ಮರುದಿನ ಬೆಳಿಗ್ಗೆ ಪೂಜೆಯಿಂದ ನೇರವಾಗಿ ಪ್ರದರ್ಶನಕ್ಕೆ ಒಯ್ದರು. ಪರೀಕ್ಷಕರು ಹಿಡಿಕೆ ತಿರುವಿದರು. ನಾನು ಅಲುಗಲಿಲ್ಲ. ಜೋರು ಮಾಡಿದಾಗ ತೋಳೇ ಕಳಚಿ ಬಿತ್ತು.

"ನಿನ್ನ ಡಿಸೈನೇ ತಪ್ಪೈತಿ" ಎಂದರು.

ಮಹಾನಂದಾ ಬಗ್ಗಿ ನೋಡಿದಳು. ತೂತಿನೊಳಗಿನ ಹಳದಿ ಅವಳ ಕಣ್ಣಿಗೆ ಬಿತ್ತು. ಪಕ್ಕದಲ್ಲೇ ಅಜ್ಜಿ ಹೊಸ ಸೀರೆಯುಟ್ಟು ನಿಂತಿದ್ದಳು.

"ಏನಾತವ್ವಾ?"

"ನಂದಽ ತಪ್ಪು ಅಜ್ಜಿ. ಬಿಗಿ ಕೂಡಿಸಿಬಿಟ್ಟೀನಿ."

"ಇರ್ಲಿ ಬಿಡು. ಪೂಜಿ ಮಾಡಿದ್ದಕ್ಕ ಇಷ್ಟಕ್ಕಽ ಹೋತು. ಇಲ್ಲಂದ್ರ ಏನಾಗತಿತ್ತೋ!"

ಶಿಬಿರಕ್ಕೆ ಬೇರೆ ಯಾರೋ ಹೋದರು.

ಮನೆಗೆ ಬಂದವಳು ಸೂಜಿಯಿಂದ ಅರಿಶಿನ ಕೆರೆದು, ತೋಳು ಸಿಕ್ಕಿಸಿ, ಹಿಡಿಕೆ ತಿರುವಿದಳು. ಪಿಸ್ಟನ್ ಬೆಣ್ಣೆಯಂತೆ ಓಡಿತು. ಅಷ್ಟರಲ್ಲಿ ಅಜ್ಜಿಯ ಹೆಜ್ಜೆ ಸಪ್ಪಳ. ಮಹಾನಂದಾ ಸರಕ್ಕನೆ ನನ್ನನ್ನು ಎಳೆದು ಡ್ರಾವರಿಗೆ ಹಾಕಿ, ಆಟಿಕೆ ಇನ್ನೂ ಕೆಟ್ಟೇ ಇದೆಯೆಂಬಂತೆ ಅದರ ಮುಂದೆ ಪೆಚ್ಚುಮೋರೆ ಮಾಡಿಕೊಂಡು ಕೂತಳು.

ಅಂದಿನಿಂದ ವಾಷರ್‌ಗಳ ನಡುವೆ ಇಲ್ಲೇ ಮುದಿಯಾಗುತ್ತಿದ್ದೇನೆ. ಏನಾದರೂ ಹುಡುಕಲು ಡ್ರಾವರ್ ತೆರೆದಾಗೆಲ್ಲ ಅವಳು ನನ್ನನ್ನು ಮೆಲ್ಲಗೆ ಬದಿಗೆ ಸರಿಸುತ್ತಾಳೆ. ಒಮ್ಮೆಯಾದರೂ ಸಿಟ್ಟಿನಿಂದ ಎತ್ತಿ ಬಿಸಾಡಬಾರದಿತ್ತೇ?