ಐತಣ್ಣನ ಜಗುಲಿ

ಮಂಗಳೂರಿನಿಂದ ಬಂದ ರೈಲು ಬೈಂದೂರಿನಲ್ಲಿ ನಿಂತಾಗ ಬಿಸಿಲು ಇಳಿದಿತ್ತು. ಐತಣ್ಣ ಕೈಚೀಲವನ್ನು ಎದೆಗೆ ಒತ್ತಿಕೊಂಡು ಮೆಲ್ಲನೆ ಇಳಿದ. ಚೀಲ ಅಲುಗಾಡಿದರೆ ಒಳಗಿನ ಬಾಟಲಿಗಳು ಒಂದಕ್ಕೊಂದು ತಾಗುತ್ತವೆ. ಆ ಸದ್ದು ಆಟೋ ನಿಲ್ಲುವ ಜಾಗದವರೆಗೂ ಕೇಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

"ಹ್ವಾಯ್ ಮಿಲಿಟ್ರಿ ಅಣ್ಣಾ! ಈ ತಿಂಗ್ಳ್ ಕೋಟಾ ಬಂತಾ?" ಆಟೋದ ಮನೀಷ್ ಕೂಗಿದ.

"ಬಂತ್ ಮಾರಾಯಾ. ಊರಿಗೆಲ್ಲ ಸಾರ್‌ಬೇಡ."

"ನಾ ಸಾರುದ್ ಎಂತಕೆ? ನಿಮ್ ಚೀಲವೇ ಸಾರತ್ತಲೆ!"

ಮಿಲಿಟರಿ ಕ್ಯಾಂಟೀನಿನಿಂದ ರಮ್ ತಂದ ದಿನ ಮನೀಷ್ ಬಾಡಿಗೆ ಕೇಳುತ್ತಿರಲಿಲ್ಲ.

ಐತಣ್ಣ ಸೇನೆಯಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. ಆಮೇಲೆ ಪುಣೆಯಲ್ಲಿ ಗೋದಾಮೊಂದರ ಕಾವಲುಗಾರನಾಗಿ ವರ್ಷಗಳನ್ನು ಕಳೆದ. "ಸಾಕ್, ಇನ್ನ್ ಮನಿಗ್ ಬನ್ನಿ" ಎಂದು ಹೆಂಡತಿ ಪದ್ದು ಫೋನಿನಲ್ಲಿ ಹೇಳುತ್ತಲೇ ಇದ್ದಳು. ಮಕ್ಕಳಿರಲಿಲ್ಲ. ಅವನು ಬರುವ ಮೊದಲೇ ದೇವರು ಅವಳನ್ನು ಕರೆದುಕೊಂಡ.

ಹಿಮದ ಗಡಿಯಲ್ಲಿ ಕಾವಲು ನಿಂತಾಗ ಅವನಿಗೆ ನೆನಪಾಗುತ್ತಿದ್ದುದು ಊರಿನ ಕಡಲಕೇರಿಯ ಭಜನಾ ಮಂದಿರ. ಶನಿವಾರ ದೀಪ ಹಚ್ಚುವ ಹೊತ್ತಿಗೆ ದೋಣಿಯಿಂದ ಬಂದವರು ಮಿಂದು, ಒದ್ದೆ ತಲೆಯಲ್ಲೇ ಬಂದು ಕೂರುತ್ತಿದ್ದರು. ತಾಳ ಕೈಯಿಂದ ಕೈಗೆ ಹೋಗುತ್ತಿತ್ತು. ಹೆಂಗಸರ ಬದಿಯ ಕಂಬಕ್ಕೊರಗಿ ಪದ್ದು ದನಿ ಎತ್ತಿದರೆ ಕಡಲಿನ ಸದ್ದೂ ತುಸು ಹಿಂದೆ ಸರಿದಂತಾಗುತ್ತಿತ್ತು. ಬೆರಳು ಮರಗಟ್ಟುವ ಚಳಿಯಲ್ಲಿ ಅವನು ಆ ದನಿಯನ್ನು ನೆನೆದು ಬೆಚ್ಚಗಾಗುತ್ತಿದ್ದ.

ಈಗ ಮಂದಿರಕ್ಕೆ ಗ್ರಾನೈಟ್ ಬಂದಿತ್ತು, ಧ್ವನಿವರ್ಧಕ ಬಂದಿತ್ತು. ಸಂಜೆ ಯಾರೋ ಸ್ವಿಚ್ ಹಾಕಿ ಹೋಗುತ್ತಿದ್ದರು. ಪೆನ್‌ಡ್ರೈವಿನ ಭಜನೆ ತಾನೇ ಹಾಡಿ ತಾನೇ ನಿಲ್ಲುತ್ತಿತ್ತು. ಊರಿಗೆ ಬಂದ ಹೊಸದರಲ್ಲಿ ಐತಣ್ಣ ಅಲ್ಲಿ ಒಬ್ಬನೇ ಹೋಗಿ ಕೂತ. ದಾರಿಯಲ್ಲಿ ಹೋಗುವವರು ಬೈಕು ನಿಲ್ಲಿಸದೆ ಕೈಯೆತ್ತಿ ಮುಂದಕ್ಕೆ ಹೋದರು.

ಹಾಗಿರುವಾಗ ಒಮ್ಮೆ ಕ್ಯಾಂಟೀನಿನಿಂದ ತಂದ ರಮ್ಮನ್ನು ನೆರೆಯವನಿಗೆ ಕೊಟ್ಟ. ಅಂದು ಸಂಜೆ ಅವನ ಜಗುಲಿಗೆ ನಾಲ್ಕು ಜನ ಬಂದರು. ಅಣ್ಣಾ ಎಂದರು, ಗಡಿಯ ಸುದ್ದಿ ಕೇಳಿದರು, ನಕ್ಕರು. ಪದ್ದು ಹೋದ ಮೇಲೆ ಆ ಮನೆಯಲ್ಲಿ ಮನುಷ್ಯರ ನಗು ಕೇಳಿದ್ದು ಅದೇ ಮೊದಲು. ಆಮೇಲೆ ಅವನು ತಿಂಗಳು ತಪ್ಪಿಸಲಿಲ್ಲ. ತಾನು ಮಾತ್ರ ಒಂದೇ ಲೋಟವನ್ನು ಕೊನೆಯವರೆಗೂ ಕೈಯಲ್ಲಿ ಹಿಡಿದು ಕೂರುತ್ತಿದ್ದ.

ಈ ಸಂಜೆಯೂ ಜಗುಲಿ ತುಂಬಿತು. ತಂಗಿ ಜಲಜಳ ಮಗ ಸುಧೀರ್ ಎಲ್ಲರಿಗಿಂತ ಮುಂಚೆ ಬಂದಿದ್ದ. ಮೀನುಗಾರಿಕೆ ಬೋಟಿನಲ್ಲಿ ಅವನಿಗೆ ಕೆಲಸ.

"ಅಣ್ಣಾ, ಯುದ್ಧದಗೆ ಎಷ್ಟ್ ಜನ್ರನ್ನ ಕೊಂದ್ರಿ?" ಮನೀಷ್ ಕೆಣಕಿದ.

"ಸೊಳ್ಳೆಯನ್ನೂ ಸೇರ್ಸಿರೆ ಸುಮಾರಾಯ್ತ್ ಕಾಣ್."

ಎಲ್ಲರೂ ನಕ್ಕರು. ಸುಧೀರ್ ಮತ್ತೆ ಲೋಟ ಚಾಚಿದ.

"ಸಾಕನಾ ಮಗಾ?"

"ಮಿಲಿಟ್ರಿ ಮಾಲಲ್ದಾ ಮಾವ? ಕಲಬೆರಕೆ ಇಲ್ಲೆ. ಇದ್ ಔಷಧಿ ಇದ್ದಾಂಗೆ."

ಕೇರಿಯೆಲ್ಲ ಹಾಗೇ ನಂಬಿತ್ತು. ಶೀತವಾದರೆ ಮುದುಕಿಯರೂ ಒಂದು ಚಮಚ ಕೇಳಿ ಒಯ್ಯುತ್ತಿದ್ದರು. ಐತಣ್ಣ ಸುಧೀರನ ಲೋಟಕ್ಕೆ ಬಗ್ಗಿಸಿ ಕೊಟ್ಟ.

ಮರುದಿನ ಬೆಳಿಗ್ಗೆ ಸುಧೀರನ ಹೆಂಡತಿ ನವ್ಯಶ್ರೀ ಬಂದು ಮೆಟ್ಟಿಲ ಕೆಳಗೇ ನಿಂತಳು.

"ಮಾವ, ಇವತ್ತ್ ಅವ್ರನ್ನ ತಾಂಡೇಲ್ರು ಬೋಟಿಗ್ ಹತ್ಸಲಿಲ್ಲೆ."

ತಾಂಡೇಲ ಎಂದರೆ ಬೋಟು ನಡೆಸುವವನು. ಕಡಲಲ್ಲಿ ಅವನ ಮಾತೇ ಮಾತು.

"ಎಂತಕೆ?"

"ಕೈ ನಡುಗಿ ಹಗ್ಗ ಹಿಡುಕಾಯ್ಲಿಲ್ಲೆ ಅಂಬ್ರ್. ಕಡಲಿಗ್ ಬಿದ್ರೆ ಹೆಂಡ್ತಿಗ್ ನಾ ಎಂತ ಹೇಳುದ್ ಅಂದ್ರಂಬ್ರ್."

ಐತಣ್ಣನಿಗೆ ಸಿಟ್ಟು ಬಂತು. "ನಾ ಕೊಡುದ್ ತಿಂಗ್ಳಿಗ್ ಒಂದೆರ್ಡ್ ದಿನ ಹೆಣ್ಣೆ. ಉಳ್ದ ದಿನ ಅವ ಎಲ್ಲಿ ಕುಡಿತನೋ, ಅದೂ ನನ್ ತಲಿಗಾ?"

"ಅಲ್ಲ ಮಾವ. ಅವ್ರ್ ಕುಡುಕೆ ಪೇಟೆ ಅಂಗ್ಡಿಗ್ ಹೋರೆ ನಾನೂ ಅತ್ತೆಯೂ ಹೋಯಿ, ಬೈದ್, ಎಳ್ಕಂಡ್ ಬತ್ತ್. ನಿಮ್ ಜಗುಲಿಯಿಂದ ಹ್ಯಾಂಗ್ ಎಳುದ್? ಮಾವನೇ ಕೊಟ್ರಲೆ, ದೇಶ ಕಾದವ್ರ್ ಕೆಟ್ಟದ್ ಕೊಡ್ತ್ರಾ ಅಂತ ನಮ್ಮನ್ನೇ ಕೇಳ್ತ್ರ್."

ಐತಣ್ಣ ಜಗುಲಿಯ ಅಂಚಿಗೆ ಬಂದು ಕೂತ. ಆಮೇಲೆ ಮೆಲ್ಲನೆ ಹೇಳಿದ: "ನಾ ತರ್ದೇ ಇದ್ರೆ ಈ ಮನಿಗ್ ಯಾರೂ ಬತ್ತಿಲ್ಲೆ ಹೆಣ್ಣೆ."

ನವ್ಯಶ್ರೀ ಒಳಗಿನ ಗೋಡೆಯ ಮೇಲಿದ್ದ ಪದ್ದುವಿನ ಪಟದತ್ತ ನೋಡಿದಳು. "ಅತ್ತೆಮ್ಮ ಇಪ್ಪೊತ್ತಿಗೆ ನಾ ದಿನಾ ಬತ್ತಿದ್ದೆ. ಅವ್ರ್ ನಂಗ್ ಎಂತ ಕೊಡ್ತಿದ್ರ್? ಒಂದ್ ಲೋಟ ಗಂಜಿತೆಳಿ, ಒಂದ್ ಭಜನಿ ಪದ."

ಅವಳು ಹೋದ ಮೇಲೆ ಐತಣ್ಣ ಪದ್ದುವಿನ ಪೆಟ್ಟಿಗೆ ತೆರೆದ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಅವಳ ತಾಳ ಇತ್ತು. ಎರಡನ್ನೂ ಒಮ್ಮೆ ತಾಗಿಸಿದ. ಸದ್ದು ನಿಲ್ಲುವವರೆಗೂ ಕಣ್ಣು ಮುಚ್ಚಿಕೊಂಡಿದ್ದ.

ಮುಂದಿನ ತಿಂಗಳು ಕ್ಯಾಂಟೀನಿನಿಂದ ಚಹಾಪುಡಿ, ಸೋಪು ಮಾತ್ರ ತಂದ.

"ಎಂತ ಅಣ್ಣಾ, ಚೀಲ ಇವತ್ತ್ ಮೂಕಾಯ್ತಾ?" ಮನೀಷ್ ಕೇಳಿದ.

"ಶನಿವಾರ ಮಂದಿರಕ್ಕ್ ಬಾ. ಅಲ್ಲಿ ಮಾತಾಡತ್ತ್."

ಮನೀಷ್ ಅಂದು ಬಾಡಿಗೆ ತೆಗೆದುಕೊಂಡ. ಸಂಜೆ ಜಗುಲಿಗೆ ಬಂದವರು ಚಹಾ ಕುಡಿದು, ಏನೋ ಕೆಲಸ ನೆನಪಾಗಿ ಎದ್ದರು. ಮರುದಿನ ಯಾರೂ ಬರಲಿಲ್ಲ. ಖಾಲಿ ಜಗುಲಿಯಲ್ಲಿ ಕೂತವನಿಗೆ ಪದ್ದು ಅಷ್ಟು ವರ್ಷ ಒಬ್ಬಳೇ ಕಂಡ ಸಂಜೆಗಳು ಹೀಗೇ ಇದ್ದವೇ ಎಂದು ಅನಿಸಿತು.

ಶನಿವಾರ ಅವನು ಮಿಂದು ಮಂದಿರಕ್ಕೆ ಹೋದ. ದೀಪ ಹಚ್ಚಿ, ಧ್ವನಿವರ್ಧಕದ ಸ್ವಿಚ್ ಆರಿಸಿದ. ಮಂದಿರದ ಕಪಾಟಿನಲ್ಲಿದ್ದ ಹಳೆಯ ತಾಳವನ್ನು ಪಕ್ಕದಲ್ಲಿಟ್ಟುಕೊಂಡು, ಪದ್ದುವಿನ ತಾಳ ಹಿಡಿದು ವಿಠಲನ ನಾಮ ಎತ್ತಿದ. ಗಂಟಲು ಒರಟಾಗಿತ್ತು. ಎರಡು ಕಡೆ ಪದ ಮರೆತು, ಅದೇ ಸಾಲನ್ನು ಮತ್ತೆ ಹಾಡಿದ. ಮಂದಿರದಲ್ಲಿ ಅವನನ್ನು ಬಿಟ್ಟರೆ ದೇವರೊಬ್ಬನೇ ಇದ್ದ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಸುಧೀರ್.

"ಮನೀಲ್ ಹುಡ್ಕಿದೆ ಮಾವ. ಅಲ್ಲಿ ಎಂತದೂ... ಸ್ವಲ್ಪನಾದ್ರೂ ಇತ್ತಾ?"

ಐತಣ್ಣ ಹಾಡು ನಿಲ್ಲಿಸಲಿಲ್ಲ. ಪಕ್ಕದಲ್ಲಿದ್ದ ತಾಳವನ್ನು ಅವನತ್ತ ಸರಿಸಿದ. ಸುಧೀರ್ ನಿಂತೇ ಇದ್ದ. ಅವನು ಹಿಂತಿರುಗಿ ನೋಡಿದರೆ ಅಂಗಳದಲ್ಲಿ ನವ್ಯಶ್ರೀ. ಅವಳು ಗಂಡನನ್ನು ಎಳೆಯಲಿಲ್ಲ, ಬೈಯಲಿಲ್ಲ. ಕಾಲು ತೊಳೆದು ಒಳಗೆ ಬಂದು, ಹೆಂಗಸರ ಬದಿಯಲ್ಲಿ, ಪದ್ದು ಒರಗುತ್ತಿದ್ದ ಕಂಬದ ಪಕ್ಕ ಕೂತಳು.

ಸುಧೀರ್ ಕೆಳಗೆ ಕೂತು ತಾಳ ಎತ್ತಿಕೊಂಡ. ನಡುಗುವ ಕೈಯಲ್ಲಿ ಅದು ಎಲ್ಲೆಲ್ಲೋ ಬಡಿಯಿತು. ನಾಚಿ ಕೆಳಗಿಡಲು ಹೊರಟ.

ಐತಣ್ಣ ತನ್ನ ಹಾಡನ್ನು ನಿಧಾನಿಸಿದ. ಆ ತಪ್ಪುವ ತಾಳ ಬಂದು ಸೇರುವವರೆಗೂ ಪ್ರತಿ ಸಾಲಿನ ಕೊನೆಯಲ್ಲಿ ಉಸಿರು ಹಿಡಿದು ಕಾದ.