ಎಡಗಡೆಯ ಸೀಟು

"ಅವ್ವಾರ, ಈಗೊಮ್ಮೆ ಅಲ್ಲಾಡ್ರಿ," ಎಂದು ಕಾರಿನ ಕೆಳಗಿನಿಂದ ಅರ್ಜುನಪ್ಪ ಹೇಳಿದ.

ಹಿಂದಿನ ಸೀಟಿನ ಬಲಗಡೆ ಕೂತಿದ್ದ ದಾನವ್ವನಿಗೆ ಹೇಗೆ ಅಲ್ಲಾಡಬೇಕೋ ತಿಳಿಯಲಿಲ್ಲ. ಐವತ್ತೆಂಟು ವರ್ಷಗಳಲ್ಲಿ ಯಾರೂ ಆಕೆಗೆ ಹಾಗೆ ಹೇಳಿರಲಿಲ್ಲ. ಸೆರಗು ಸರಿಮಾಡಿಕೊಂಡು, ಮುಂದಿನ ಸೀಟಿನ ಬೆನ್ನು ಹಿಡಿದು, ಬೀಸುವ ಕಲ್ಲಿನ ಮುಂದೆ ಕೂತವಳ ಹಾಗೆ ಮೈಯನ್ನು ಹಿಂದೆ ಮುಂದೆ ತೂಗಿದಳು. ಪಕ್ಕದ ಖಾಲಿ ಸೀಟಿನ ಕೆಳಗಿನಿಂದ ಕಿರ್ರ್ ಎಂದು ಎಳೆದಂಥ ಸದ್ದು ಬಂತು.

"ಕೇಳಿದಿಲ್ಲೋ?" ಎಂದ ಡ್ರೈವರ್ ಮೈಲಾರಪ್ಪ. ಅವನು ಬಾಗಿಲ ಹತ್ತಿರ ಮೊಣಕಾಲೂರಿ ಕಿವಿಯನ್ನು ಗಾಲಿಯ ಕಡೆ ಹಿಡಿದಿದ್ದ. "ಅವ್ವಾರು ಕೂಡೂದು ಬಲಗಡೆ, ಒದರೂದು ಎಡಗಡೆ. ನಾ ಒಬ್ಬಾವ ಹೊಡಕೊಂಡ ಹೋದ್ರ ಸುಮ್ಮನ ಇರತೈತಿ."

"ನಿನ್ನ ಕಂಡ್ರ ಅಂಜತೈತಿ ತಗೋ," ಎಂದು ಅರ್ಜುನಪ್ಪ ಕೆಳಗೇ ನಕ್ಕ.

ಕೇಶ್ವಾಪುರದ ರಸ್ತೆಯ ಬದಿಗೆ ಬೇವಿನ ಮರದ ಕೆಳಗೆ ಅರ್ಜುನಪ್ಪನ ತಗಡಿನ ಶೆಡ್ಡು. ನೆಲದಲ್ಲಿ ಉದ್ದಕ್ಕೆ ಒಂದು ತಗ್ಗು ತೋಡಿ, ಅದರ ಮೇಲೆ ಗಾಡಿ ನಿಲ್ಲಿಸಿ, ತಾನು ಒಳಗಿಳಿದು ಕೆಲಸ ಮಾಡುತ್ತಿದ್ದ. ಬೆಳಗಿನಿಂದ ಶ್ರಾವಣದ ಜಿಟಿಜಿಟಿ ಮಳೆ. ತಗ್ಗಿನಲ್ಲಿ ಅವನ ಪಾದದವರೆಗೆ ನೀರು ನಿಂತಿದ್ದರೂ ಅವನು ಅದರ ಮಾತೆತ್ತಿರಲಿಲ್ಲ.

ದಾನವ್ವನ ಮಗ ನೀಲಕಂಠಪ್ಪ ತಗಡಿನಂಚಿಗೆ ನಿಂತು ಗಡಿಯಾರ ನೋಡಿಕೊಂಡ. "ಗುರುವಾರ ಗದಗದವರು ಗಾಡಿ ಒಯ್ಯಾಕ ಬರ್ತಾರ. ಅಷ್ಟರಾಗ ಆಗತೈತೋ ಇಲ್ಲೋ ಕೇಳ್ರಿ."

ಅವನು ಯಾರಿಗೆ ಹೇಳಿದನೆಂಬುದು ದಾನವ್ವನಿಗೆ ಗೊತ್ತಿತ್ತು. ಐದು ತಿಂಗಳಿನಿಂದ ಮಗ ಮೈಲಾರಪ್ಪನ ಹೆಸರು ಹಿಡಿದು ಕರೆದಿರಲಿಲ್ಲ. ಹೇಳುವುದನ್ನೆಲ್ಲ ಗೋಡೆಗೆ, ಬಾಗಿಲಿಗೆ, ಇಲ್ಲವೆ ತಾಯಿಗೆ ಹೇಳುತ್ತಿದ್ದ. ಮೈಲಾರಪ್ಪ ಅದನ್ನು ಕೇಳಿಸಿಕೊಂಡು ಕೆಲಸ ಮಾಡುತ್ತಿದ್ದ.

ಅದು ವಿಲಾಯತಿಯ ಕಪ್ಪು ಕಾರು. ಸ್ವಾತಂತ್ರ್ಯ ಬಂದ ವರ್ಷ ಊರು ಬಿಟ್ಟು ಹೊರಟಿದ್ದ ರೈಲ್ವೆ ಸಾಹೇಬನಿಂದ ದಾನವ್ವನ ಗಂಡ, ಹತ್ತಿ ವ್ಯಾಪಾರಿ ಮುರುಗೆಪ್ಪ, ಅದನ್ನು ಕೊಂಡಿದ್ದ. ಎರಡು ವರ್ಷ ಕಳೆದು ಮೈಲಾರಪ್ಪ ಡ್ರೈವರಾಗಿ ಬಂದ. ಮುರುಗೆಪ್ಪ ಭಾರದ ಆಳು. ಕೂಡುತ್ತಿದ್ದದ್ದು ಯಾವಾಗಲೂ ಹಿಂದೆ, ಎಡಗಡೆ. ದಾನವ್ವ ಬಲಗಡೆ. ಹದಿನಾಲ್ಕು ವರ್ಷ ಹಾಗೆ ಕೂತು ಕೂತು ಕಾರು ಎಡಕ್ಕೆ ವಾಲಿತ್ತು. ಪೇಟೆಯಲ್ಲಿ ದೂರದಿಂದಲೇ ಅದರ ವಾಲಿಕೆ ನೋಡಿ, ಸಾವಕಾರರ ಗಾಡಿ ಬಂತೆನ್ನುತ್ತಿದ್ದರು.

ಮಾಘದಲ್ಲಿ, ಶಿರಗುಪ್ಪಿಯ ಹೊಲಕ್ಕೆ ಹತ್ತಿ ಬಿಡಿಸುವುದನ್ನು ನೋಡಲು ಗಂಡಹೆಂಡಿರು ಹೋದ ಮಧ್ಯಾಹ್ನ, ಮುರುಗೆಪ್ಪನ ಎದೆ ಹಿಡಿಯಿತು. ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟಿದಾಗ ಜೀವ ಇತ್ತು. ಒಳಗೆ ಒಯ್ಯುವಾಗ ಇರಲಿಲ್ಲ. ಅರ್ಧ ತಾಸು ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ನೀಲಕಂಠಪ್ಪ ಆವತ್ತು ಗದಗಿನ ಪೇಟೆಯಲ್ಲಿದ್ದ. ಸಂಜೆ ಬಂದವನು ಅಂಗಳದಲ್ಲಿ ಮೈಲಾರಪ್ಪನನ್ನು ಕೇಳಿದ, ಹನ್ನೊಂದು ಮೈಲಿಗೆ ಒಂದೂವರೆ ತಾಸು ಯಾಕಾತು? ಮೈಲಾರಪ್ಪ, "ರಸ್ತಾ ಕೆಟ್ಟಿತ್ರಿ," ಎಂದ. ಇನ್ನೇನೂ ಹೇಳಲಿಲ್ಲ. ಒಳಗೆ ಹೆಂಗಸರ ನಡುವೆ ಕೂತಿದ್ದ ದಾನವ್ವ ಅದನ್ನು ಕೇಳಿದಳು. ಆಕೆಯೂ ಏನೂ ಹೇಳಲಿಲ್ಲ.

ಕಾರು ಮಾರುವುದೆಂದಾಯಿತು. ಕಾರು ಹೋದರೆ ಡ್ರೈವರನಿಗೇನು ಕೆಲಸ? ಅದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ವಾಲಿದ ಗಾಡಿಗೆ ಗಿರಾಕಿ ಸಿಗಲಿಕ್ಕಿಲ್ಲವೆಂದು ನೀಲಕಂಠಪ್ಪ ಹಿಂದಿನ ಗಾಲಿಗಳ ಮೇಲಿನ ಪಾಟಾ, ಅಂದರೆ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟನ್ನು, ಎರಡೂ ಕಡೆ ಹೊಸದು ಹಾಕಿಸಿದ. ಗಾಡಿ ನೆಟ್ಟಗಾಯಿತು. ಆದರೆ ಕೊಳ್ಳಬೇಕೆಂದ ಗದಗದವರು ಮಂದಿಮಕ್ಕಳೊಂದಿಗೆ ಬಂದು ಹಿಂದೆ ಕೂತು ನೋಡಿದರೆ, ರಸ್ತೆಯ ಪ್ರತಿ ಕುಣಿ-ತಗ್ಗಿಗೂ ಕಿರ್ರ್. ಪಾಟಾ ಹಾಕಿದವರ ಹತ್ತಿರವೇ ಮತ್ತೆ ಒಯ್ದು ಪಾಟಾದ ತುದಿಯ ರಬ್ಬರ್ ಬುಶ್ ಬದಲಿಸಿದರು, ಗ್ರೀಸ್ ತುಂಬಿದರು. ಸದ್ದು ಹೋಗಲಿಲ್ಲ. ಆಗ, "ಅರ್ಜುನಪ್ಪಗ ತೋರಸೂಣ್ರಿ," ಎಂದವನು ಮೈಲಾರಪ್ಪನೇ. ಮೂರು ಮುಂಜಾನೆ ಅವನು ಅಂಗಳದಲ್ಲಿ ಕಾರಿನ ಕೆಳಗೆ ಚಾಪೆ ಹಾಸಿಕೊಂಡು ಮಲಗಿ ಒಂದೊಂದೇ ಬೋಲ್ಟು ಮುಟ್ಟಿ ನೋಡುವುದನ್ನು ದಾನವ್ವ ಕಿಟಕಿಯಿಂದ ಕಂಡಿದ್ದಳು. ಸದ್ದು ನಿಂತ ದಿನವೇ ತನ್ನ ಕೆಲಸವೂ ನಿಲ್ಲುತ್ತದೆಂದು ಗೊತ್ತಿದ್ದೂ ಹುಡುಕುತ್ತಿದ್ದ.

"ಬ್ಯಾರೆ ಕೇಳತೇನಿ," ಎಂದ ಅರ್ಜುನಪ್ಪ ತಗ್ಗಿನೊಳಗಿಂದ. "ಹಳ್ಳೀ ಹಾದ್ಯಾಗ ಗಾಡಿ ಹೆಂಗ ಹೊಡೀತಿದ್ದೆಪಾ? ಜೋರ ಹೊಡದ ಎಲ್ಲ್ಯಾರ ಬಡಿಸಿದಿ ಏನ?"

ಮೈಲಾರಪ್ಪ ಉತ್ತರ ಕೊಡುವ ಮೊದಲೇ ನೀಲಕಂಠಪ್ಪ ಹೇಳಿದ, "ಜೋರ? ಅವಾ ಒಂದ ದಿನಾ ಜೋರ ಹೊಡದಿದ್ರ ನಮ್ಮಪ್ಪ ಇವತ್ತ ಇರತಿದ್ದ."

ಮಳೆಯ ಹನಿ ತಗಡಿನ ಮೇಲೆ ಬೀಳುತ್ತಿತ್ತು. ಮೈಲಾರಪ್ಪ ನೆಲದ ಮೇಲಿದ್ದ ಬೋಲ್ಟು ತಿರುವುವ ಪಾನಾ ಎತ್ತಿಕೊಂಡು ಅರಿವೆಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಅವನ ಕುತ್ತಿಗೆಯ ಹಿಂಬದಿಯ ನರೆಗೂದಲು ದಾನವ್ವನಿಗೆ ಕಾಣುತ್ತಿತ್ತು. ಹದಿನಾಲ್ಕು ವರ್ಷ ಆಕೆ ನೋಡಿದ್ದು ಆ ಕುತ್ತಿಗೆಯನ್ನೇ. ಅದು ಯಾವಾಗ ನರೆಯಿತೆಂದು ಆಕೆ ಗಮನಿಸಿರಲಿಲ್ಲ.

"ಆ ಪಾನಾ ಕೊಡೋ ಇಲ್ಲೆ," ಎಂದು ಅರ್ಜುನಪ್ಪ ಕೈ ಚಾಚಿದ. ಅವನ ಹತ್ತಿರ ಅಂಥದೇ ಇನ್ನೊಂದು ಇತ್ತು. ಸ್ವಲ್ಪ ಹೊತ್ತು ಏನೋ ತಿರುವಿ, "ಹಾಂ," ಎಂದ. "ಸಿಕ್ತ ನೋಡ್ರಿ. ಸಾಮಾನು ಯಾವದೂ ಕೆಟ್ಟಿಲ್ಲ. ಗಾಡಿ ಮ್ಯಾಲ ಎತ್ತಿಟ್ಟ, ಗಾಲಿ ಜೋತಬಿದ್ದಾಗ ಬೋಲ್ಟ್ ಬಿಗದಾರ. ರಬ್ಬರ್ ಬುಶ್ ಆವಾಗ ಹೆಂಗ ಕುಂತಿತ್ತೋ ಹಂಗ ಸಿಕ್ಕಹಾಕ್ಕೊಂಡೈತಿ. ಕೆಳಗ ಇಳಿಸಿ ಮಂದಿ ಕೂತ್ರ ಅದು ತಿರುವಿಕೊಂಡ ಒದರತೈತಿ. ಬಿಚ್ಚಿ ಸಡಿಲ ಮಾಡತೇನಿ. ದಿನಾ ಕೂಡೂ ಮಂದಿ ಅವರವರ ಜಾಗಾದಾಗ ಕೂಡಬೇಕು. ಆ ಭಾರದ ಮ್ಯಾಲ ಬಿಗೀಬೇಕು."

ಬೋಲ್ಟು ಸಡಿಲಾದಾಗ ಕಾರು ನಿಟ್ಟುಸಿರು ಬಿಟ್ಟು ಚೂರು ತಗ್ಗಿತು.

"ಅವ್ವಾರು ಅದಾರ. ಎಡಕ್ಕ ಯಾರ ಕೂಡ್ತಾರ್ರಿ?"

ನೀಲಕಂಠಪ್ಪ ಮಳೆಯ ಕಡೆ ತಿರುಗಿದ. ಅರ್ಜುನಪ್ಪನಿಗೆ ತಾನೇನು ಕೇಳಿದೆನೆಂದು ಆಗ ಹೊಳೆದಿರಬೇಕು. ದನಿ ತಗ್ಗಿಸಿ, "ಬಾಜೂ ಅಂಗಡ್ಯಾಗ ಜ್ವಾಳದ ಚೀಲ ಐತ್ರಿ. ಅದನ್ನ ಇಟ್ರೂ ನಡೀತೈತಿ," ಎಂದ.

"ಚೀಲ ಬ್ಯಾಡ," ಎಂದಳು ದಾನವ್ವ. ಆ ಸೀಟಿನ ಮೇಲೆ ಗಂಡನ ಮೈಯ ತಗ್ಗು ಇನ್ನೂ ಇತ್ತು. "ಮೈಲಾರಪ್ಪ, ನೀ ಬಾ. ಕೂಡು."

"ನಾನ್ರಿ?" ಮೈಲಾರಪ್ಪ ಎದ್ದು ನಿಂತ. "ಅರಿವಿ ಹೊಲಸಾಗ್ಯಾವ್ರಿ. ಚೀಲಾನ ತರತೇನ್ರಿ, ಒಂದ ಗಳಿಗ್ಯಾಗ."

"ಅರಿವಿ ಯಾರ ನೋಡ್ತಾರ? ಬಾ ಅಂದೆ."

ಅವನು ನೀಲಕಂಠಪ್ಪನ ಕಡೆ ನೋಡಿದ. ನೀಲಕಂಠಪ್ಪ ಮಳೆಯ ಕಡೆ ನೋಡುತ್ತಿದ್ದ. ಮೈಲಾರಪ್ಪ ಚಪ್ಪಲಿ ಬಿಟ್ಟು, ಎಡಗಡೆಯ ಬಾಗಿಲು ತೆಗೆದು ಒಳಗೆ ಬಂದ. ಸಾವಿರ ಸಲ ಆ ಬಾಗಿಲನ್ನು ಬೇರೆಯವರಿಗಾಗಿ ತೆಗೆದಿದ್ದವನು. ಸೀಟಿನ ಅಂಚಿಗೆ ಕೂತ ಹಾಗೆ ಮಾಡಿದ. ಮೈಯ ಭಾರವೆಲ್ಲ ಅವನ ಎರಡು ಕಾಲುಗಳ ಮೇಲೇ ಇತ್ತು.

"ಎಡಕ್ಕ ಭಾರ ಬಿದ್ದಿಲ್ರಿ," ಎಂದಿತು ಕೆಳಗಿನ ದನಿ. "ಕುಂತೀಯೋ, ನಿಂತೀಯೋ?"

"ಕುಂತೇನಿ."

"ಪಾಟಾ ಸುಳ್ಳ ಹೇಳೂದಿಲ್ಲಪಾ. ಪೂರಾ ಕೂಡು."

ಮೈಲಾರಪ್ಪನ ತೊಡೆ ಸಣ್ಣಗೆ ನಡುಗುತ್ತಿತ್ತು. ಹಾಗೆ ಎಷ್ಟು ಹೊತ್ತು ತಡೆದಾನು? ಐದು ತಿಂಗಳು ಇವನು ಹೀಗೇ ಇದ್ದಾನೆ ಎಂದು ದಾನವ್ವನಿಗೆ ಅನಿಸಿತು.

"ನೀಲಕಂಠಾ," ಎಂದಳು. "ಇಲ್ಲೆ ಬಾ. ಹತ್ರ ಬಾ." ಮಗ ಕಿಟಕಿಯ ಹತ್ತಿರ ಬಂದು ಬಾಗಿದ. "ಆವತ್ತ ಸಾವಕಾಶ ಹೊಡಿ ಅಂದಾಕಿ ನಾನು."

"ಏನ ಹಂಗಂದ್ರ?"

"ಗಾಡಿ ಜಿಗದಾಗೊಮ್ಮೆ ನಿಮ್ಮಪ್ಪ ನನ್ನ ಕೈ ಹಿಂಡತಿದ್ರು. ನನಗ ನೋಡಾಕ ಆಗಲಿಲ್ಲ. ಸಾವಕಾಶ ಹೊಡಿ ಅಂದೆ. ಬ್ಯಾಡ್ರಿ ಅವ್ವಾರ, ಹೊತ್ತಾಗತೈತಿ ಅಂದ ಇವಾ. ಎರಡನೇ ಸಲಾನೂ ಹಂಗ ಅಂದ. ಮೂರನೇ ಸಲಾ ನಾ ಬೈದೆ. ಗಾಡಿ ನಿಂದೋ, ನಮ್ಮದೋ ಅಂದೆ. ಆಮ್ಯಾಲ ಇವಾ ಸಾವಕಾಶ ಹೊಡದ."

"ಬಿಡ್ರಿ ಅವ್ವಾರ," ಎಂದ ಮೈಲಾರಪ್ಪ, ಮುಂದೆ ನೋಡುತ್ತ. "ರಸ್ತಾನೂ ಕೆಟ್ಟಿತ್ತು."

ನೀಲಕಂಠಪ್ಪನ ಮುಖದ ಮೇಲೆ ಮಳೆನೀರು ಇಳಿಯುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ. "ಇಷ್ಟ ದಿನಾ ಯಾಕ ಹೇಳಲಿಲ್ಲ, ಯವ್ವಾ?"

"ನೀ ಅವಗ ಅಂದಿ. ಅವಾ ತಡಕೊಂಡ. ನನಗ ಅಂದಿದ್ರ ನನ್ನ ಕೈಲೆ ಆಗತಿದ್ದಿಲ್ಲ." ಮತ್ತೆ ಹೇಳಿದಳು, "ಅದಕ ಸುಮ್ಮನಿದ್ದೆ. ಅವಾ ತಡಕೋತಾನ ಅಂತ ಗೊತ್ತಿತ್ತು."

ತಗ್ಗಿನೊಳಗೆ ಅರ್ಜುನಪ್ಪ ಯಾವುದೋ ತಗಡನ್ನು ಬೇಕಿಲ್ಲದೆ ನಾಲ್ಕು ಸಲ ಬಡಿದ, ಮೇಲಿನ ಮಾತು ತನಗೆ ಕೇಳಿಸಿಲ್ಲವೆಂಬಂತೆ.

ಆ ಸದ್ದು ನಿಂತಾಗ ಮೈಲಾರಪ್ಪನ ಕಾಲು ಸೋತವು. ಅವನು ಹಿಂದಕ್ಕೆ ಸರಿದು, ಬೆನ್ನು ಆನಿಸಿ ಕೂತ. ಸೀಟು ಅವನನ್ನು ಒಳಗೆ ತೆಗೆದುಕೊಂಡಿತು. ಕಾರಿನ ಎಡಭಾಗ ಮೆಲ್ಲಗೆ ಕೆಳಗಿಳಿಯಿತು.

"ಈಗ ಬಿತ್ತು," ಎಂದ ಅರ್ಜುನಪ್ಪ. "ಅಲ್ಲಾಡಬ್ಯಾಡ್ರಿ ಇಬ್ಬರೂ."

ಅವನು ಬಿಗಿಯುವವರೆಗೆ ಇಬ್ಬರೂ ಅಲ್ಲಾಡದೆ ಕೂತರು. ಫೋಟೋ ತೆಗೆಸಿಕೊಳ್ಳುವವರ ಹಾಗೆ, ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು.

ಅರ್ಜುನಪ್ಪ ಮೇಲೆ ಬಂದು ಒದ್ದೆ ಕಾಲನ್ನು ಗೋಣಿಗೆ ಒರೆಸಿದ. "ಒಂದ ಸುತ್ತ ಹೊಡದ ನೋಡ್ರಿ. ಭಾರ ಹಿಂದ ಹಂಗ ಇರಲಿ. ಮತ್ಯಾರರ ಹೊಡೀರಿ."

ಮತ್ತೆ ಯಾರಿದ್ದರು? ನೀಲಕಂಠಪ್ಪ ಒದ್ದೆ ಅಂಗಿಯಲ್ಲೇ ಸ್ಟೇರಿಂಗಿನ ಮುಂದೆ ಕೂತ. ಅವನಿಗೆ ಈ ಗಾಡಿಯ ರೂಢಿ ಇರಲಿಲ್ಲ. ಗೇರು ಒಮ್ಮೆ ಕಚ್ಚಿತು, ಎರಡನೆಯ ಸಲ ಬಿತ್ತು. ಕಾರು ರೈಲ್ವೆ ಗೇಟು ದಾಟಿತು. ಹಳಿಯ ಮೇಲೆ ಗಾಡಿ ಎದ್ದು ಬಿದ್ದಿತು. ಮೂವರೂ ಉಸಿರು ಹಿಡಿದು ಕೇಳಿದರು. ಎಡಗಡೆ ಏನೂ ಸದ್ದಿಲ್ಲ.

ಮನೆಯ ತಿರುವು ಬಂತು. ನೀಲಕಂಠಪ್ಪ ತಿರುಗಿಸಲಿಲ್ಲ. ಊರು ಮುಗಿದು, ಎರಡೂ ಕಡೆ ಒದ್ದೆಯಾದ ಕರಿನೆಲ ಸುರುವಾಯಿತು. ಶಿರಗುಪ್ಪಿಯ ಹಾದಿ ಅದು.

ಬಹಳ ಹೊತ್ತಿನ ಮೇಲೆ ಮಗ, ಕನ್ನಡಿಯಲ್ಲಿ ಹಿಂದೆ ನೋಡದೆ, "ಮೈಲಾರಪ್ಪ," ಎಂದ. "ಕುಣಿ ಎಲ್ಲೆಲ್ಲಿ ಅದಾವ, ಹೇಳ್ಕೋತ ಬಾ."

"ಹೂಂನ್ರಿ," ಎಂದ ಮೈಲಾರಪ್ಪ. ಒಂದು ಫರ್ಲಾಂಗು ದಾಟಿ, "ಮುಂದ ಜಾಲಿಗಿಡದ ಹತ್ರ ಒಂದ ಐತ್ರಿ," ಎಂದ.

ನೀಲಕಂಠಪ್ಪ ಗಾಡಿಯನ್ನು ಅಷ್ಟು ದೂರದಿಂದಲೇ ನಿಧಾನ ಮಾಡಿದ. ಜಾಲಿಗಿಡ ಹತ್ತಿರ ಬರುತ್ತಿದ್ದಂತೆ ದಾನವ್ವ ಕೆಳಗೆ ನೋಡಿದಳು. ಚಪ್ಪಲಿ ಶೆಡ್ಡಿನಲ್ಲೇ ಉಳಿದಿದ್ದ ಮೈಲಾರಪ್ಪನ ಬರಿಗಾಲು, ಬಲಗಾಲು, ಬ್ರೇಕಿಲ್ಲದ ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು.